ಸಾಗರ ದರ್ಶನದ ಸರಾಸರಿ ಗಾಳಿ

ಸಾಗರ ದರ್ಶನ ಸೊಸೈಟಿಯ ಟೆರೇಸಿನಿಂದ ಸಾಗರ ಕಾಣುವುದಿಲ್ಲ. ಡೊಂಬಿವಲಿಯ ಯಾವ ಟೆರೇಸಿನಿಂದಲೂ ಕಾಣುವುದಿಲ್ಲ, ಆದ್ದರಿಂದ ಯಾರೂ ಅದಕ್ಕೆ ಬೇಜಾರು ಮಾಡಿಕೊಂಡದ್ದಿಲ್ಲ. ಉತ್ತರಕ್ಕೆ ನೋಡಿದರೆ ಓಣಿಯ ಆಚೆ ವಸಂತಕುಮಾರರ ಹೋಟೆಲಿನ ಚಿಮಣಿ. ದಕ್ಷಿಣಕ್ಕೆ ಬಗ್ಗಿದರೆ ಕಂಪೌಂಡಿಗೆ ಒರಗಿದಂತೆ ನಮ್ಮ ಚಿಗವ್ವನ ಗಿರಣಿಯ ತಗಡು. ಉಳಿದ ಕಡೆ ಬೇರೆ ಸೊಸೈಟಿಗಳ ನೀರಿನ ಟಾಕಿಗಳು.

ಅಲ್ಲಿಗೆ ದಿನವೂ ಹತ್ತುತ್ತಿದ್ದವಳು ನಾನೊಬ್ಬಳೇ. ಬೆಳಿಗ್ಗೆ ಐದೂವರೆಗೆ ಪಂಪು ಹಾಕುವುದು, ಟಾಕಿ ತುಂಬಿತೇ ಎಂದು ಗಂಟೆಗೊಮ್ಮೆ ಹತ್ತಿ ನೋಡುವುದು, ನಡುವೆ ನಾಲ್ಕು ಮಹಡಿಯ ಮೆಟ್ಟಿಲು ಗುಡಿಸುವುದು ನನ್ನ ಕೆಲಸ. ಏಳನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟು ಆಳಂದದ ಕಡೆಯಿಂದ ದ್ರೌಪದಿ ಚಿಗವ್ವನ ಹತ್ತಿರ ಬಂದಿದ್ದೆ. ಗಿರಣಿಯ ಅಟ್ಟವೇ ನಮ್ಮಿಬ್ಬರ ಮನೆ. ಕೆಳಗೆ ಕಲ್ಲು ತಿರುಗಿದರೆ ಮೇಲೆ ನಮ್ಮ ತಟ್ಟೆ ಲೋಟ ತಾವೇ ಮಾತಾಡುತ್ತಿದ್ದವು. ನಾನು ಮಾತಾಡುತ್ತಿದ್ದದ್ದು ಕಡಿಮೆ. ಸೊಸೈಟಿಯವರು ನನ್ನನ್ನು ಬಾಗಿ ಎಂದು ಕರೆಯುತ್ತಿದ್ದರು, ಆದರೆ ಉತ್ತರಕ್ಕಾಗಿ ಯಾರೂ ಕಾಯುತ್ತಿರಲಿಲ್ಲ.

ಎರಡು ಸಾವಿರದ ಹನ್ನೊಂದರ ದೀಪಾವಳಿ ಮುಗಿದ ಮೇಲೆ ಸಾಗರ ದರ್ಶನಕ್ಕೆ ಕೆಮ್ಮು ಶುರುವಾಯಿತು. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ, ಒಂದನೇ ಮಹಡಿಯಿಂದ ನಾಲ್ಕನೆಯದರವರೆಗೆ, ಇಪ್ಪತ್ನಾಲ್ಕು ಫ್ಲಾಟುಗಳಲ್ಲೂ ಖೊಕ್ಕು ಖೊಕ್ಕು. ಅದು ಮೆಣಸಿನಕಾಯಿಯ ಘಾಟು ಎಂದು ಮೂಗಿದ್ದವರಿಗೆಲ್ಲ ಗೊತ್ತಾಯಿತು. ಮೆಣಸಿನಕಾಯಿ ಎಂದ ಮೇಲೆ ಖಾರ ಕುಟ್ಟುವ ಗಿರಣಿ. ಇನ್ನೇನು ಬೇಕು.

ಸೆಕ್ರೆಟರಿ ವಸಂತಕುಮಾರರು ಉಡುಪಿ ಕಡೆಯವರು, ನ್ಯಾಯಸ್ಥರು. ಸುಮ್ಮನೆ ಯಾರ ಮೇಲೂ ತಪ್ಪು ಹೊರಿಸುವವರಲ್ಲ, ಕಾಗದ ಇಟ್ಟುಕೊಂಡು ಹೊರಿಸುವವರು. "ಸಾಕ್ಷಿ ಇಲ್ಲದೆ ಮಹಾನಗರಪಾಲಿಕೆಯವರು ಅರ್ಜಿ ಮುಟ್ಟುವುದಿಲ್ಲ. ಗಾಳಿ ಎಲ್ಲಿಂದ ಬರ್ತದೆ ಅಂತ ಮೊದಲು ತೋರಿಸಬೇಕು. ಗಿರಣಿ ಕಡೆಯಿಂದ ಅಂತ ಆದ್ರೆ ಲೈಸನ್ಸು ಹೋದ ಹಾಗೆಯೇ" ಎಂದರು. ಆ ಕೆಲಸವನ್ನು ತಂಗಿಯ ಮಗ ಸಮಿತನಿಗೆ ಒಪ್ಪಿಸಿದರು. ಅವನು ಮಾವನ ಮನೆಯಲ್ಲಿದ್ದುಕೊಂಡು ನವಿ ಮುಂಬಯಿಯ ಕಾಲೇಜಿಗೆ ಹೋಗುತ್ತಿದ್ದ. ಅವನಿಗೂ ಕಾಲೇಜಿನಲ್ಲಿ ಒಂದು ಪ್ರಾಜೆಕ್ಟು ಬೇಕಾಗಿತ್ತು.

ಸಮಿತ ಟೆರೇಸಿನ ಮೇಲೆ ಒಂದು ಪೈಪು ನಿಲ್ಲಿಸಿದ. ಪೈಪಿನ ತುದಿಗೆ ತಗಡಿನ ಬಾಣ, ಕೆಳಗೆ ಬಿಳಿ ಬಣ್ಣ ಬಳಿದ ದುಂಡು ಹಲಗೆ. ಹಲಗೆಯ ಅಂಚಿಗೆ ಸೊನ್ನೆಯಿಂದ ಹಿಡಿದು ಮುನ್ನೂರ ಅರವತ್ತರವರೆಗೆ ಅಂಕಿ. ಹೋಟೆಲಿನ ದಿಕ್ಕಿಗೆ ಸೊನ್ನೆ, ಗಿರಣಿಯ ದಿಕ್ಕಿಗೆ ನೂರಾ ಎಂಬತ್ತು. ಸುತ್ತು ಮುಗಿದಲ್ಲಿ ಮುನ್ನೂರ ಅರವತ್ತೂ ಸೊನ್ನೆಯೂ ಒಂದೇ ಗೆರೆಯ ಮೇಲೆ ಕೂತಿದ್ದವು.

"ಗಾಳಿ ಯಾವ ಕಡೆಯಿಂದ ಬರ್ತದೋ ಬಾಣದ ಮೂತಿ ಆ ಕಡೆ. ನಂಬರ್ ನೋಡೋದು, ಬರೆಯೋದು. ಸಿಂಪಲ್. ಹೇಗೂ ನೀನು ಮೇಲೆ ಹೋಗ್ತೀಯಲ್ಲ" ಎಂದು ನನಗೊಂದು ನೋಟುಬುಕ್ಕು ಕೊಟ್ಟ.

ಹೀಗೆ ಚಿಗವ್ವನ ಗಿರಣಿಯನ್ನು ಮುಚ್ಚಿಸುವ ಸಾಕ್ಷಿಯನ್ನು ಚಿಗವ್ವನ ಅಟ್ಟದಲ್ಲಿ ಮಲಗುವ ನಾನೇ ಬರೆಯತೊಡಗಿದೆ. ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ. ಪಂಪಿಗೆ ಯಾರ ಪಕ್ಷವೂ ಇರುವುದಿಲ್ಲವಲ್ಲ, ಹಾಗೆ.

ಚಿಗವ್ವನಿಗೆ ಹೇಳಿದಾಗ ಅವಳು ಜರಡಿ ಆಡಿಸುವುದನ್ನು ನಿಲ್ಲಿಸಲಿಲ್ಲ. "ಖರೇ ಏನೈತೊ ಅದನ್ನ ಬರಿ. ಒಂದು ಅಂಕಿ ಆಚೀಚೆ ಮಾಡಿದಿ ಅಂದ್ರ ನಾಳೆ ಕಳ್ಳಿ ಅಂತಾರ. ಗಿರಣಿ ಹೋದ್ರ ಹೋತು, ಕಳ್ಳಿ ಅನಿಸ್ಕೊಂಡು ಆಳಂದಕ್ಕ ಹೋಗೂದು ಬ್ಯಾಡ."

ಗಿರಣಿ ಹೋದರೆ ಅಟ್ಟವೂ ಹೋಗುತ್ತದೆ ಎಂಬುದನ್ನು ಅವಳು ಹೇಳಲಿಲ್ಲ.

ಆರು, ಏಳು, ಎಂಟು, ಒಂಬತ್ತು ಗಂಟೆಗೆ, ದಿನಕ್ಕೆ ನಾಲ್ಕು ಸಲ ಮೂವತ್ತು ದಿನ ಬರೆದೆ. ಡಿಸೆಂಬರಿನ ಗಾಳಿ ನೆಟ್ಟಗಿತ್ತು. ಬಾಣದ ಮೂತಿ ಹೋಟೆಲಿನ ಕಡೆಗೇ. ಸ್ವಲ್ಪ ಎಡಕ್ಕೆ ಸರಿದರೆ ಮುನ್ನೂರ ಐವತ್ತು, ಸ್ವಲ್ಪ ಬಲಕ್ಕೆ ಸರಿದರೆ ಹತ್ತು. 352, 8, 345, 12, 358, 5. ಒಂದು ದಿನವೂ ಬಾಣ ತಿರುಗಿ ಗಿರಣಿಯನ್ನು ನೋಡಲಿಲ್ಲ. ಏಳು ಗಂಟೆಗೆ ಹತ್ತಿದಾಗ ಹೋಟೆಲಿನ ಹಿತ್ತಿಲ ಚಿಮಣಿಯಿಂದ ಹುರಿದ ಬ್ಯಾಡಗಿ ಮೆಣಸಿನಕಾಯಿಯ ಹೊಗೆ ನೇರ ನನ್ನ ಮೂಗಿಗೆ ಬರುತ್ತಿತ್ತು. ಆ ದೀಪಾವಳಿಯಿಂದ ವಸಂತಕುಮಾರರು ಸಾಂಬಾರು ಪುಡಿಗೆ ಮೆಣಸನ್ನು ಹೋಟೆಲಿನಲ್ಲೇ ಹುರಿಸಿ ಅಲ್ಲೇ ಮಿಕ್ಸರಿಗೆ ಹಾಕಿಸುತ್ತಿದ್ದರು. ಅದಕ್ಕೆ ಮೊದಲು ಎಲ್ಲ ನಮ್ಮ ಗಿರಣಿಗೇ ಬರುತ್ತಿತ್ತು. ಹೋಟೆಲಿನ ಒಗ್ಗರಣೆಯ ಹೊಗೆಯಲ್ಲಿ ಮೂವತ್ತು ವರ್ಷ ನಿಂತವರಿಗೆ ಅದು ಘಾಟಾಗಿ ಉಳಿದಿರಲಿಲ್ಲ, ಪರಿಮಳವಾಗಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ನನಗೆ ಒಳಗೊಳಗೇ ನಗು ಬರುತ್ತಿತ್ತು. ಲೆಕ್ಕ ಹೊರಬಿದ್ದ ದಿನ ಅವರ ಮುಖ ನೋಡಬೇಕು ಅಂದುಕೊಂಡಿದ್ದೆ.

ಲೆಕ್ಕ ಹೊರಬಿತ್ತು. ನೂರಾ ಎಪ್ಪತ್ತೆಂಟು.

ಸಮಿತ ಲ್ಯಾಪ್‌ಟಾಪನ್ನು ಮಾವನ ಮನೆಯ ಊಟದ ಮೇಜಿನ ಮೇಲಿಟ್ಟು ತೋರಿಸುತ್ತಿದ್ದ. ನಾನು ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದೆ. ಇಂಗ್ಲಿಷಿನ ಒಂದೇ ಅಕ್ಷರವನ್ನು ಹೆಸರಾಗಿ ಇಟ್ಟುಕೊಂಡ ಪ್ರೋಗ್ರಾಮು ಅದು. ನೂರಾ ಇಪ್ಪತ್ತು ಅಂಕಿಗಳನ್ನು ಒಳಗೆ ಹಾಕಿ ಒಂದು ಸಾಲು ಬರೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸರಾಸರಿ ಕೊಡುತ್ತದೆ.

"ನೋಡಿ ಮಾಮಾ. ಮೀನ್, ಒನ್ ಸೆವೆಂಟಿ ಏಟ್. ಅಂದ್ರೆ ಸೌತ್. ಪಕ್ಕಾ ಸೌತ್. ಗಿರಣಿಗೆ ಎರಡೇ ಡಿಗ್ರಿ ಫರಕ್."

"ಹೇಳಿದ್ದೆನಲ್ಲ ನಾನು" ಎಂದರು ವಸಂತಕುಮಾರರು, ಬಹಳ ದುಃಖದಿಂದ. ಅವರು ಗೆದ್ದಾಗೆಲ್ಲ ದುಃಖದಿಂದಲೇ ಮಾತಾಡುವುದು. "ಪಾಪ, ದ್ರೌಪದಿ ಒಳ್ಳೆ ಹೆಂಗಸು. ಆದ್ರೆ ಇಪ್ಪತ್ನಾಲ್ಕು ಸಂಸಾರದ ಶ್ವಾಸಕೋಶದ ಪ್ರಶ್ನೆ ಉಂಟಲ್ಲ."

ಪರದೆಯ ಮೇಲೆ ಒಂದು ಚಿತ್ರವೂ ಇತ್ತು. ಸೊನ್ನೆಯ ಹತ್ತಿರ ಎತ್ತರದ ಕಂಬಗಳು, ಮುನ್ನೂರ ಅರವತ್ತರ ಹತ್ತಿರ ಎತ್ತರದ ಕಂಬಗಳು, ಎಮ್ಮೆಯ ಎರಡು ಕೋಡಿನ ಹಾಗೆ. ಮಧ್ಯೆ ಬಟಾಬಯಲು. ಆ ಬಯಲಿನ ನಟ್ಟನಡುವೆ ಸಮಿತ ಒಂದು ಕೆಂಪು ಗೆರೆ ಎಳೆದಿದ್ದ. ಅದೇ ಸರಾಸರಿಯಂತೆ.

ನಾನು ಬಾಯಿ ತೆರೆದೆ. ಸೊಸೈಟಿಗೆ ಬಂದ ಮೇಲೆ ಕೇಳದೆ ಮಾತಾಡಿದ್ದು ಅದೇ ಮೊದಲು.

"ಆ ಗೆರಿ ಇದ್ದಲ್ಲಿ ಏನೂ ಇಲ್ಲಲ್ರಿ. ನಾನು ಆ ಅಂಕಿ ಒಂದ್ಸಲಾನೂ ಬರದಿಲ್ಲ."

ಸಮಿತ ನಕ್ಕ. ಕೆಟ್ಟ ನಗುವಲ್ಲ, ಚಿಕ್ಕ ಮಕ್ಕಳಿಗೆ ನಗುವಂಥದ್ದು. "ಆವರೇಜ್ ಹಾಗೇ ಇರ್ತದೆ ಬಾಗಿ. ನಮ್ಮ ಸೊಸೈಟಿಯಲ್ಲಿ ಫ್ಲಾಟಿಗೆ ನಾಲ್ಕೂವರೆ ಜನ. ಅರ್ಧ ಮನುಷ್ಯನ್ನ ನೋಡಿದ್ದೀಯಾ ಎಲ್ಲಾದ್ರೂ?"

"ಎರಡನೇ ಮಹಡಿಯ ಮುರಾರಿ ಇದ್ದಾನಲ್ಲ" ಎಂದರು ವಸಂತಕುಮಾರರು. ಇಬ್ಬರೂ ನಕ್ಕರು. ನಾನು ಮೆಟ್ಟಿಲು ಗುಡಿಸಲು ಹೋದೆ.

ಹೊಗೆ ಹೋಟೆಲಿನದು ಎಂದು ಆಗ ಹೇಳಿದ್ದರೂ ಯಾರು ನಂಬುತ್ತಿದ್ದರು. ಒಂದು ಕಡೆ ಕಂಪ್ಯೂಟರು, ಇನ್ನೊಂದು ಕಡೆ ಏಳನೇ ಇಯತ್ತೆ, ಅದೂ ಅರ್ಧ. ಮೇಲಾಗಿ ನನಗೆ ತಪ್ಪು ಇದೆ ಎಂದು ಗೊತ್ತಿತ್ತೇ ಹೊರತು ತಪ್ಪು ಎಲ್ಲಿದೆ ಎಂದು ಗೊತ್ತಿರಲಿಲ್ಲ.

ಅದು ಗೊತ್ತಾದದ್ದು ವಸಂತಕುಮಾರರಿಂದಲೇ.

ಸಾಗರ ದರ್ಶನದಲ್ಲಿ ಎಲ್ಲವೂ ಸರಾಸರಿಯ ಮೇಲೆ ನಡೆಯುತ್ತಿತ್ತು. ಸಭೆ ಎಷ್ಟು ಗಂಟೆಗೆ ಎಂಬುದಕ್ಕೆ ಹಿಂದೊಮ್ಮೆ ಎರಡು ಮನೆಗಳು ಮಾತು ಬಿಟ್ಟಿದ್ದವಂತೆ. ಅಲ್ಲಿಂದ ವಸಂತಕುಮಾರರು ಒಂದು ಪದ್ಧತಿ ಮಾಡಿದ್ದರು. ಪ್ರತಿ ಫ್ಲಾಟಿನವರು ತಮಗೆ ಅನುಕೂಲವಾದ ಗಂಟೆ ಬರೆಯುವುದು, ಇವರು ಎಲ್ಲ ಕೂಡಿಸಿ ಭಾಗಿಸುವುದು, ಬಂದದ್ದೇ ಸಭೆಯ ಸಮಯ. ಯಾರಿಗೂ ಅನುಕೂಲವಾಗುತ್ತಿರಲಿಲ್ಲ, ಹಾಗಾಗಿ ಯಾರಿಗೂ ಜಗಳವಿರಲಿಲ್ಲ. ಮನೆ ಮನೆಗೆ ಕಾಗದ ಒಯ್ಯುವುದು ನನ್ನ ಕೆಲಸ.

ಗಿರಣಿಯ ಮೇಲಿನ ಅರ್ಜಿಗೆ ಒಪ್ಪಿಗೆ ಪಡೆಯಲು ಬರುವ ರವಿವಾರ ಸಭೆ ಎಂದಾಯಿತು. ಖಾಲಿ ಕಾಗದ ಹುಡುಕುತ್ತ ಪಂಪಿನ ಕೋಣೆಯ ಕಟ್ಟು ಬಿಚ್ಚಿದಾಗ ಹಿಂದಿನ ಸಭೆಯ ಕಾಗದ ಸಿಕ್ಕಿತು. ಒಂಬತ್ತು ಮನೆಯವರು 11 ಎಂದು ಬರೆದಿದ್ದರು, ಏಳು ಮನೆಯವರು 12, ಎಂಟು ಮನೆಯವರು 1. ಆ ಒಂದೊಂದು 1ನ್ನೂ ವಸಂತಕುಮಾರರು ಹಸಿರು ಪೆನ್ನಿನಿಂದ 13 ಎಂದು ತಿದ್ದಿದ್ದರು.

ನಾನು ಬಹಳ ಹೊತ್ತು ಆ 13ಗಳನ್ನು ನೋಡಿದೆ. ತಿದ್ದದಿದ್ದರೆ ಏನಾಗುತ್ತಿತ್ತು. ಪಂಪಿನ ಕೋಣೆಯ ಗೋಡೆಯ ಮೇಲೆ ಇಟ್ಟಿಗೆ ಚೂರಿನಿಂದ ಕೂಡಿಸಿದೆ. ತೊಂಬತ್ತೊಂಬತ್ತು, ಎಂಬತ್ನಾಲ್ಕು, ಎಂಟು. ಒಟ್ಟು ನೂರಾ ತೊಂಬತ್ತೊಂದು. ಇಪ್ಪತ್ನಾಲ್ಕು ಏಳಲೆ ನೂರಾ ಅರವತ್ತೆಂಟು, ಉಳಿದದ್ದು ಇಪ್ಪತ್ಮೂರು. ಹತ್ತಿರ ಹತ್ತಿರ ಎಂಟು ಗಂಟೆ. ಹನ್ನೊಂದು ಎಂದವರಿಗೂ ಬೇಡದ, ಒಂದು ಎಂದವರಿಗೂ ಬೇಡದ, ಗಡಿಯಾರದ ಇನ್ನೊಂದು ಮೂಲೆ.

ಹನ್ನೆರಡು ದಾಟಿ ಒಂದಾದ ಗಂಟೆ ಹಿಂದೆ ಹೋದದ್ದಲ್ಲ, ಮುಂದೆ ಹೋದದ್ದು. ಹಾಗಾದರೆ ಮುನ್ನೂರ ಅರವತ್ತು ದಾಟಿ ಹತ್ತಾದ ಬಾಣ? ಗೋಡೆಯ ಮೇಲೆ 350 ಬರೆದೆ, ಕೆಳಗೆ 10 ಬರೆದೆ. ಕೂಡಿಸಿ ಅರ್ಧ ಮಾಡಿದೆ. ನೂರಾ ಎಂಬತ್ತು. ಎರಡೂ ಹೋಟೆಲನ್ನು ನೋಡುವ ಬಾಣಗಳು, ಎರಡರ ಸರಾಸರಿ ನಮ್ಮ ಗಿರಣಿಯ ಬಾಗಿಲು.

ಗೋಡೆ ಒರೆಸಿದೆ. ಹೇಳಬೇಕಾದವರಿಗೆ ಹೇಗೆ ಹೇಳುವುದೆಂದು ಎರಡು ದಿನ ಯೋಚಿಸಿದೆ. ಹೇಳಬಾರದು, ಅವರ ಬಾಯಿಂದಲೇ ಹೇಳಿಸಬೇಕು ಅನಿಸಿತು.

ಗಂಟೆಯ ಕಾಗದ ಹಿಡಿದು ಇಪ್ಪತ್ನಾಲ್ಕು ಬಾಗಿಲು ತಟ್ಟಿದೆ. ನಮ್ಮ ಜನ ಸಾಮಾನ್ಯವಾಗಿ ಹಿಂದಿನ ಸಲ ಹೇಳಿದ್ದನ್ನೇ ಹೇಳುತ್ತಾರೆ. ಈ ಸಲವೂ ಒಂಬತ್ತು, ಏಳು, ಎಂಟು. ಶನಿವಾರ ಬೆಳಿಗ್ಗೆ ವಸಂತಕುಮಾರರು ಕಳಂಬೋಲಿಗೆ ಹೊರಟಿದ್ದರು. ಮೆಣಸು ಹುರಿಯುವ ಬಾಣಲೆ ಸಾಲುತ್ತಿಲ್ಲ, ದೊಡ್ಡದು ಮಾಡಿಸಬೇಕು, ಕಬ್ಬಿಣದ ಮಾರ್ಕೆಟಿನಲ್ಲಿ ತಗಡು ನೋಡಿ ಬರುತ್ತೇನೆ ಎಂದು. ರಿಕ್ಷಾ ಹತ್ತುತ್ತ ನನ್ನ ಕೈಯ ಕಾಗದ ನೋಡಿ, "ಅದನ್ನು ಸಮಿತನ ಹತ್ತಿರ ಕೊಡು, ಲೆಕ್ಕ ಮಾಡಿ ಬೋರ್ಡಿಗೆ ಹಾಕು" ಎಂದರು.

ದೇವರು ಕೆಲವೊಮ್ಮೆ ಇಷ್ಟು ಸುಲಭ ಮಾಡಿಬಿಡುತ್ತಾನೆ.

ಸಮಿತ ಫೋನಿನಲ್ಲಿ ಯಾರೊಂದಿಗೋ ಥಾಣೆಯ ಮಾಲಿನಲ್ಲಿ ಸಿನಿಮಾಕ್ಕೆ ಹೋಗುವ ಮಾತಾಡುತ್ತಿದ್ದ. ನಾನು ಕಾಗದ ಮೇಜಿನ ಮೇಲಿಟ್ಟು, "ಆವರೇಜ ಬೇಕಂತ್ರಿ. ಹ್ಯಾಂಗ ಬರದೈತಿ ಹಂಗ" ಎಂದೆ. ಅವನು ಕಿವಿ ಮತ್ತು ಭುಜದ ನಡುವೆ ಫೋನು ಸಿಕ್ಕಿಸಿಕೊಂಡು ಪಟಪಟ ಒತ್ತಿದ. "ಸೆವೆನ್ ಪಾಯಿಂಟ್ ನೈನ್ ಸಿಕ್ಸ್. ಏಳು ಐವತ್ತೇಳು. ಅರೆ ನಹೀ ಯಾರ್, ತುಝೆ ನಹೀ ಬೋಲಾ" ಎಂದ. ಕೊನೆಯದು ಫೋನಿಗೆ.

ನೀರು ಬರದ ದಿನಗಳಿಗೆಂದು ವಸಂತಕುಮಾರರು ಸಹಿ ಮಾಡಿ ಮೊಹರು ಒತ್ತಿದ ಖಾಲಿ ನೋಟೀಸುಗಳನ್ನು ನನ್ನ ಹತ್ತಿರ ಇಟ್ಟಿರುತ್ತಿದ್ದರು. ಒಂದನ್ನು ತೆಗೆದು ಮರಾಠಿಯಲ್ಲಿ ಬರೆದೆ. ರವಿವಾರ, ಟೆರೇಸು, 7.57. ಎಲ್ಲ ಅವರವರದೇ. ಗಂಟೆ ಸಮಿತನದು, ಸಹಿ ಸೆಕ್ರೆಟರಿಯವರದು. ನನ್ನದು ಎಂದರೆ ಒಂದೇ ಮಾತು. ಗಂಟೆಯ ಹಿಂದೆ 'ಸಕಾಳೀ' ಎಂದು ಸೇರಿಸಿದೆ, ಬೆಳಿಗ್ಗೆ ಎಂದು. ಸೇರಿಸದಿದ್ದರೆ ಅರ್ಧ ಜನ ಸಂಜೆ ಬಂದಾರು. ಸಂಜೆ ಹೋಟೆಲಿನಲ್ಲಿ ಮೆಣಸು ಹುರಿಯುವುದಿಲ್ಲ.

ರವಿವಾರ ಆರು ಗಂಟೆಗೆ ಹತ್ತಿ ಬಾಣ ನೋಡಿದೆ. 4. ಏಳಕ್ಕೆ 351. ಏಳೂವರೆಗೆ ಮತ್ತೆ ಹತ್ತಿದೆ. ಬಾಣ ಎಡಕ್ಕೆ ಎಡಕ್ಕೆ ಸರಿದು 300ರ ಹತ್ತಿರ ನಿಂತಿತ್ತು, ರೈಲ್ವೆ ಲೈನಿನ ಕಡೆ ಮೂತಿ ಮಾಡಿಕೊಂಡು. ಮೂವತ್ತು ದಿನ ಹೇಳಿದಂತೆ ಕೇಳಿದ ಗಾಳಿ. ಟಾಕಿಯ ಪಕ್ಕ ಕೂತು ಅದನ್ನೇ ನೋಡುತ್ತ ಇದ್ದೆ. ಕಣ್ಣಿಟ್ಟು ನೋಡಿದರೆ ಬಾಣ ಅಲ್ಲಾಡುವುದಿಲ್ಲ, ಕಾದು ಕೂತರೆ ಹಾಲು ಉಕ್ಕದ ಹಾಗೆ. ಹೋಗಿ ಪಂಪು ನಿಲ್ಲಿಸಿ ಬಂದೆ. 340. ಮತ್ತೆ ಹೋಟೆಲಿನ ಕಡೆ.

ಜನ ಬರತೊಡಗಿದರು. ರವಿವಾರದ ಆ ಹೊತ್ತಿಗೆ ಸಾಗರ ದರ್ಶನ ಕಿಟಕಿ ಮುಚ್ಚಿ ಮಲಗಿರುತ್ತದೆ. ಲುಂಗಿಯವರು, ನೈಟಿಯ ಮೇಲೆ ಟವೆಲು ಹೊದ್ದವರು, ಬಾಯಲ್ಲಿ ಬ್ರಶ್ಶು ಇದ್ದವರು. ಖಜಾಂಚಿ ಜಯಲತಾ ಮೇಡಂ ಮಾತ್ರ ಇಸ್ತ್ರಿ ಸೀರೆ ಉಟ್ಟು ನಿರ್ಣಯದ ಪುಸ್ತಕ ಹಿಡಿದು ಬಂದರು. ಕಲ್ಯಾಣದಲ್ಲಿ ಮೂವತ್ತು ವರ್ಷ ಹುಡುಗಿಯರಿಗೆ ಇತಿಹಾಸ ಕಲಿಸಿದವರು, ಯಾರ ಮೇಲೆ ಆರೋಪವೋ ಅವರೂ ಎದುರಿಗಿರಬೇಕೆಂದು ಚಿಗವ್ವನಿಗೆ ಹೇಳಿಕಳಿಸಿದ್ದರು. ಚಿಗವ್ವ ಗಿರಣಿಯ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಮೆಟ್ಟಿಲ ಹತ್ತಿರ ನಿಂತಳು. ರವಿವಾರ ಗಿರಣಿ ತೆರೆಯುವುದು ಹತ್ತಕ್ಕೆ.

"ಏಳು ಐವತ್ತೇಳು ಅಂತ ಯಾರು ಬರ್ದಿದ್ರು?" ಎಂದರು ಎರಡನೇ ಮಹಡಿಯ ಮುರಾರಿ. ರೈಲ್ವೆಯಲ್ಲಿ ಕ್ಲಾರ್ಕು, ಕುಳ್ಳಗೆ, ಬಾಯಿ ಉದ್ದ. "ಲೋಕಲ್ ಟ್ರೇನಿನ ಟೈಮು ಇದು. ನಾನು ಒಂದು ಗಂಟೆ ಅಂದಿದ್ದೆ."

"ನಾನು ಹನ್ನೊಂದು."

"ನಾವೂ ಹನ್ನೊಂದೇ."

"ಕಂಪ್ಯೂಟರ್ ಕೊಟ್ಟದ್ದು ಅಂಕಲ್" ಎಂದ ಸಮಿತ, ಕಣ್ಣುಜ್ಜುತ್ತ. ಮಾವನ ಭಾಷಣಕ್ಕೆ ಚಿತ್ರ ತೋರಿಸಲು ಲ್ಯಾಪ್‌ಟಾಪು ತಂದಿದ್ದ. ಮಾವನಿಗೆ ಫೋನು ಮಾಡಿದ. ವಸಂತಕುಮಾರರು ಹೋಟೆಲಿನಿಂದ ಪಂಚೆ ಮೇಲೆತ್ತಿಕೊಂಡು ಓಡಿ ಬಂದರು.

"ಎಂತ ಮಾರಾಯ ಇದು. ರವಿವಾರ ಬೆಳಿಗ್ಗೆ ಗಲ್ಲಾ ಬಿಟ್ಟು ಬರುವುದಾ. ಹನ್ನೆರಡಕ್ಕೆ ಅಲ್ವಾ ಸಭೆ?"

"ಸಹಿ ನಿಮ್ಮದೇ ಉಂಟಲ್ಲ" ಎಂದರು ಜಯಲತಾ ಮೇಡಂ.

ಅಷ್ಟರಲ್ಲಿ ಮುರಾರಿ ಕೆಮ್ಮಿದರು. ಅವರ ಹಿಂದೆ ಇನ್ನಿಬ್ಬರು. ಆಮೇಲೆ ಟೆರೇಸಿಗೆ ಟೆರೇಸೇ ಕೆಮ್ಮಿತು. ಬ್ರಶ್ಶು ಹಿಡಿದವರ ನೊರೆ ಯಾರದೋ ಲುಂಗಿಗೆ ಹಾರಿತು.

"ನೋಡಿ, ನೋಡಿ" ಎಂದರು ವಸಂತಕುಮಾರರು. ಅವರೊಬ್ಬರೇ ಕೆಮ್ಮಿರಲಿಲ್ಲ. "ಇದೇ ನಾನು ಹೇಳುವುದು. ಈ ಗಿರಣಿ..."

ಚಿಗವ್ವ ಸೊಂಟದಿಂದ ಕೀಲಿ ತೆಗೆದು ಎತ್ತಿ ಹಿಡಿದಳು. "ಗಿರಣಿ ಕೀಲಿ ಇಲ್ಲೈತ್ರೀ. ನಿನ್ನೆ ಸಂಜಿಗೆ ಹಾಕೀನಿ. ಕದ ಮುಚ್ಚಿದ ಗಿರಣಿ ಖಾರ ಕುಟ್ಟತೈತೇನು?"

ತಲೆಗಳೆಲ್ಲ ಕೀಲಿಯ ಕಡೆ ತಿರುಗಿದವು. "ನಿನ್ನೆಯ ಘಾಟು ಇನ್ನೂ ಉಳಿದಿರ್ತದೆ" ಎಂದರು ವಸಂತಕುಮಾರರು, ಆದರೆ ಅವರಿಗೇ ಅದು ಅಷ್ಟು ಹಿಡಿಸಿದಂತೆ ಕಾಣಲಿಲ್ಲ. "ಸಮಿತಾ, ನೀನು ಹೇಳು. ಗಾಳಿ ದಕ್ಷಿಣದಿಂದ ಅಲ್ವಾ?"

"ಹೌದು ಮಾಮಾ. ಕಂಪ್ಯೂಟರ್..."

"ಈ ಕಂಪ್ಯೂಟರೇ ಅಲ್ವಾ ನಮ್ಮನ್ನ ಹಾಸಿಗೆಯಿಂದ ಎಬ್ಬಿಸಿದ್ದು?" ಎಂದರು ಮುರಾರಿ. "ಹನ್ನೊಂದಕ್ಕಿಂತ ಮೊದಲು ಯಾರೂ ಹೇಳಿಲ್ಲ. ಆವರೇಜು ಎಂಟು ಹೇಗಪ್ಪ ಬರುತ್ತೆ? ನನ್ನ ಮೊಮ್ಮಗಳೂ ಮಾಡಲ್ಲ ಇಂಥ ಲೆಕ್ಕ."

ಸಮಿತ ಲ್ಯಾಪ್‌ಟಾಪು ತೆರೆದ. "ಯೇ ದೇಖೋ ಅಂಕಲ್. ಹನ್ನೊಂದು ಒಂಬತ್ತು ಸಲ, ಹನ್ನೆರಡು ಏಳು ಸಲ, ಒಂದು ಎಂಟು ಸಲ..."

"ಒಂದಲ್ಲ, ಹದಿಮೂರು" ಎಂದರು ವಸಂತಕುಮಾರರು, ಬೇಸರದಿಂದ. "ಎಷ್ಟು ಸಲ ಮಾಡಿದ್ದೇನೆ ಈ ಲೆಕ್ಕ. ಹನ್ನೆರಡು ದಾಟಿದ ಮೇಲೆ ಒಂದು ಅಂದ್ರೆ ಹದಿಮೂರೇ. ಗಡಿಯಾರ ದುಂಡಗೆ ಉಂಟು ಮಾರಾಯ, ಗೆರೆಯ ಹಾಗೆ ನೆಟ್ಟಗೆ ಇಲ್ಲ. ಇಂಜಿನಿಯರಿಂಗ್‌ನಲ್ಲಿ ಇದನ್ನು ಹೇಳಿಕೊಡುವುದಿಲ್ವಾ?"

ಸಮಿತ ಒಂದನ್ನು ಹದಿಮೂರು ಮಾಡಿ ಒತ್ತಿದ. "ಹನ್ನೊಂದು ಐವತ್ತೇಳು" ಎಂದ.

"ನಿಮಿಷ ಸರಿಯಾಗಿತ್ತು ಪಾಪ" ಎಂದರು ಮುರಾರಿ. "ಗಂಟೆಯೊಂದೇ ತಪ್ಪಿದ್ದು."

ಎಲ್ಲರೂ ನಕ್ಕರು. ಸಮಿತ ನಗಲಿಲ್ಲ. ಅವನ ಬೆರಳು ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಹಾಗೇ ನಿಂತಿತ್ತು. ಅವನು ನಿಧಾನವಾಗಿ ತಲೆ ಎತ್ತಿ ಪೈಪಿನ ಕೆಳಗಿನ ದುಂಡು ಹಲಗೆಯನ್ನು ನೋಡಿದ. ನನಗೆ ಗೊತ್ತಿದ್ದ ಹಾಗೆ, ಅದನ್ನು ನಿಲ್ಲಿಸಿ ಹೋದ ಮೇಲೆ ಅವನು ಅದನ್ನು ನೋಡಿದ್ದು ಅದೇ ಮೊದಲು. ಬಾಣದ ಮೂತಿ 350ರ ಮೇಲಿತ್ತು.

"ಮಾಮಾ" ಎಂದ. "ಇದೂ ದುಂಡಗೆ ಉಂಟು."

"ಎಂತದ್ದು?"

ಅವನು ಟಾಕಿಯ ಕಟ್ಟೆಯ ಮೇಲೆ ಕೂತು ಒತ್ತತೊಡಗಿದ. ಕಿವಿ ಕೆಂಪಾಗಿತ್ತು. ಸೈನ್, ಕೊಸೈನ್ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಜಯಲತಾ ಮೇಡಂ ಪುಸ್ತಕ ತೆರೆದು, "ನಮಗೆ ತಿಳಿಯುವ ಹಾಗೆ ಹೇಳು" ಎಂದರು, ತರಗತಿಯ ದನಿಯಲ್ಲಿ.

"ಅಂಕಿಗಳನ್ನ ಕೂಡಿಸಬಾರದಿತ್ತು ಆಂಟಿ. ದಿಕ್ಕುಗಳನ್ನ ಕೂಡಿಸಬೇಕು. ಅಂದ್ರೆ... ಬಾಗಿ ಬರೆದ ಒಂದೊಂದು ಅಂಕಿಗೂ ಆ ದಿಕ್ಕಿಗೆ ಒಂದೊಂದು ಹೆಜ್ಜೆ ಇಡೋದು. ಎಲ್ಲಾ ಹೆಜ್ಜೆ ಮುಗಿದ ಮೇಲೆ ಹೊರಟ ಜಾಗದಿಂದ ಯಾವ ಕಡೆ ಬಂದು ನಿಂತಿದ್ದೀವೋ ಅದೇ ಆವರೇಜ್ ದಿಕ್ಕು."

"ನಾನು ಇಡ್ತೀನಿ" ಎಂದು ಮುರಾರಿ ಲುಂಗಿ ಕಟ್ಟಿ ಟೆರೇಸಿನ ನಡುವಿಗೆ ಬಂದು ನಿಂತರು. "ಹೇಳಮ್ಮ ಬಾಗಿ."

ಎಲ್ಲರೂ ನನ್ನ ಕಡೆ ನೋಡಿದರು. ನೋಟುಬುಕ್ಕು ಇನ್ನೂ ನನ್ನ ಕಂಕುಳಲ್ಲೇ ಇತ್ತು. ಚಿಗವ್ವ ಮೆಟ್ಟಿಲ ಹತ್ತಿರದಿಂದ, "ಯಾಕಬೇ, ಬಾಯಾಗ ಹಿಟ್ಟು ತುಂಬೈತೇನು? ಓದು" ಎಂದಳು.

ನೋಟುಬುಕ್ಕು ತೆರೆದು ಓದಿದೆ. "ಮುನ್ನೂರ ಐವತ್ತೆರಡು." ಮುರಾರಿ ಹಲಗೆ ನೋಡಿ, ಹೋಟೆಲಿನ ಕಡೆ ಸ್ವಲ್ಪ ಎಡಕ್ಕೆ ಒಂದು ಹೆಜ್ಜೆ ಇಟ್ಟರು. "ಎಂಟು." ಹೋಟೆಲಿನ ಕಡೆ ಸ್ವಲ್ಪ ಬಲಕ್ಕೆ. "ಮುನ್ನೂರ ನಲವತ್ತೈದು. ಹನ್ನೆರಡು. ಮುನ್ನೂರ ಐವತ್ತೆಂಟು. ಐದು." ಕುಡಿದವರಂತೆ ಎಡಕ್ಕೆ ಬಲಕ್ಕೆ ವಾಲುತ್ತ ಅವರು ಉತ್ತರದ ಕಟ್ಟೆಗೆ ಹೋಗಿ ಮುಟ್ಟಿದರು. ಎದುರಿಗೆ ಚಿಮಣಿ. ಅದರ ಹೊಗೆ ಮುಖಕ್ಕೆ ಬಡಿದು ಗೋಡೆ ಹಿಡಿದು ಕೆಮ್ಮಿದರು.

"ಇನ್ನೂ ಎಷ್ಟಿದೆಯಮ್ಮ?"

"ನೂರಾ ಹದಿನಾಕ್ರಿ."

"ಅಷ್ಟೂ ಇಟ್ಟರೆ ನಾನು ವಸಂತಕುಮಾರರ ಇಡ್ಲಿ ಪಾತ್ರೆಯಲ್ಲೇ ಬೀಳ್ತೀನಿ."

"ಥ್ರೀ ಫಿಫ್ಟಿ ಏಟ್" ಎಂದ ಸಮಿತ ಕಟ್ಟೆಯ ಮೇಲಿಂದ, ಯಾರ ಮುಖವನ್ನೂ ನೋಡದೆ. "ಉತ್ತರ. ಪಕ್ಕಾ ಉತ್ತರ."

ವಸಂತಕುಮಾರರು ಚಿಮಣಿಯನ್ನು ನೋಡಿದರು. ಆಮೇಲೆ ಮೂಗು ಎತ್ತಿ ಗಾಳಿ ಎಳೆದುಕೊಂಡರು. ಮತ್ತೊಮ್ಮೆ ಎಳೆದುಕೊಂಡರು. "ಇದು... ಇದು ಸಾಂಬಾರು ಪುಡಿಯ ಪರಿಮಳ ಅಲ್ವಾ" ಎಂದರು, ಮೆಲ್ಲಗೆ.

ಉಳಿದವರು ಕೆಮ್ಮಿದರು ಅಷ್ಟೇ.

ಜಯಲತಾ ಮೇಡಂ ಟೈಪು ಮಾಡಿ ತಂದಿದ್ದ ಅರ್ಜಿಯನ್ನು ಪುಸ್ತಕದ ನಡುವಿನಿಂದ ತೆಗೆದರು. "ಅರ್ಜಿ ಸಿದ್ಧ ಉಂಟು. ದಕ್ಷಿಣ ಇದ್ದಲ್ಲಿ ಉತ್ತರ, ಗಿರಣಿ ಇದ್ದಲ್ಲಿ ಹೋಟೆಲ್. ಎರಡೇ ಶಬ್ದ. ತಿದ್ದಿ ಕೊಡ್ತೇನೆ, ಸೆಕ್ರೆಟರಿಯವರು ಸಹಿ ಮಾಡಿ."

"ಜಯಲತಕ್ಕಾ" ಎಂದರು ವಸಂತಕುಮಾರರು. ಆ ಒಂದು ಮಾತಿನಲ್ಲಿ ಅವರ ಹೊಸ ಬಾಣಲೆ, ಗಲ್ಲಾ, ಮೂವತ್ತು ವರ್ಷ ಎಲ್ಲ ಇತ್ತು. "ಪಾಲಿಕೆ ಯಾಕೆ ಈಗ? ನಮ್ಮ ನಮ್ಮಲ್ಲೇ ಉಂಟಲ್ಲ. ನಾಳೆಯಿಂದ ಹುರಿಯುವುದು ಬಂದ್. ಮೊದಲಿನ ಹಾಗೆ ಎಲ್ಲ ದ್ರೌಪದಿಯ ಗಿರಣಿಗೇ ಕಳಿಸಿದ್ರೆ ಆಯ್ತು."

ಎಲ್ಲರೂ ಚಿಗವ್ವನ ಕಡೆ ತಿರುಗಿದರು. ಅವಳು ಕೀಲಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸುತ್ತಿದ್ದಳು, ಬಹಳ ನಿಧಾನವಾಗಿ.

"ಕಳಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನನ್ನಲ್ಲಿ ಹುರಿಯೂದಿಲ್ಲ, ಬಿಸಲಾಗ ಒಣಗಿಸಿ ಕುಟ್ಟೂದು. ಮತ್ತ ಅದಕ್ಕೂ ಮೊದಲ ಆ ಬುಕ್ಕಿನ್ಯಾಗ ಬರೀರಿ. ಬಾಯಿ ಮಾತು ಬ್ಯಾಡ. ಮುಂದ ಯಾರಿಗರ ಸೀನು ಬಂದ್ರ ಮತ್ತ ನನ್ನ ಕದಾನ ಬಡೀತೀರಿ ನೀವು."

"ಎಂತ ಬರೆಯುವುದು?"

"ಗಿರಣಿದು ತಪ್ಪಿಲ್ಲ ಅಂತ."

ವಸಂತಕುಮಾರರು ಜೇಬಿನಿಂದ ಹಸಿರು ಪೆನ್ನು ತೆಗೆದರು. ಹಸಿರಿನಲ್ಲಿ ಅವರು ಇಷ್ಟು ನಿಧಾನ ಬರೆದದ್ದನ್ನು ನಾನು ನೋಡಿರಲಿಲ್ಲ. ಸಹಿ ಮಾಡಿ ಪುಸ್ತಕ ಮುಚ್ಚಲು ಹೋದಾಗ ಚಿಗವ್ವ ಕೈ ಅಡ್ಡ ಹಿಡಿದಳು.

"ನನಗ ಓದಾಕ ಬರೂದಿಲ್ಲ. ಬಾಗಿ, ಓದಿ ಹೇಳು. ಎಲ್ಲಾರಿಗೂ ಕೇಳಬೇಕು."

ಅವಳಿಗೆ ಓದಲು ಚೆನ್ನಾಗಿಯೇ ಬರುತ್ತದೆ. ಗಿರಾಕಿಗಳ ಡಬ್ಬಿಗಳ ಮೇಲಿನ ಹೆಸರನ್ನೆಲ್ಲ ಅವಳೇ ಓದುವುದು.

ನಾನು ಪುಸ್ತಕ ತೆಗೆದುಕೊಂಡು ಓದಿದೆ. "ಸೊಸೈಟಿಯ ದಕ್ಷಿಣಕ್ಕಿರುವ ದ್ರೌಪದಿಯವರ ಗಿರಣಿಯಿಂದ ಯಾವುದೇ ಘಾಟು ಬರುತ್ತಿಲ್ಲವೆಂದು ಗಾಳಿಯ ಲೆಕ್ಕದಿಂದ ಖಚಿತವಾಗಿದೆ. ಗಿರಣಿಯ ಮೇಲೆ ಸೊಸೈಟಿಗೆ ಯಾವ ತಕರಾರೂ ಇಲ್ಲ."

"ಹಿಂದ ನಿಂತೋರಿಗೆ ಕೇಳಿಲ್ಲ. ಇನ್ನೊಮ್ಮೆ."

ಎರಡನೇ ಸಲ ಜೋರಾಗಿ ಓದಿದೆ. ದನಿ ಟಾಕಿಗೆ ಬಡಿದು ವಾಪಸು ಬಂತು. ನಾನು 'ತಕರಾರೂ' ಎನ್ನುವ ಹೊತ್ತಿಗೆ ಹೋಟೆಲಿನ ಹಿತ್ತಿಲಲ್ಲಿ ಯಾರೋ ಇನ್ನೊಂದು ಬಾಣಲೆ ಮೆಣಸು ಸುರಿದಿರಬೇಕು, ಹೊಗೆ ಒಂದು ಹಿಡಿ ನೇರ ಬಂತು. ಈ ಸಲ ಮೊದಲು ಕೆಮ್ಮಿದವರು ವಸಂತಕುಮಾರರು.

"ಅದನ್ನೂ ಬರ್ಕೊಳ್ಳಿ ಮೇಡಂ" ಎಂದರು ಮುರಾರಿ. "ಸಮಯ ಎಂಟು ಇಪ್ಪತ್ತು."

ಜಯಲತಾ ಮೇಡಂ ಗಡಿಯಾರ ನೋಡಿ ಬರೆದುಕೊಂಡರು.